ಕಾಂಟೆಲ್ಲಿಯ ಎಂಟು ವರ್ಷ

ಗ್ವೀಡೊ ಕಾಂಟೆಲ್ಲಿಯ ಹೆಸರು ಬಂದಲ್ಲೆಲ್ಲ ಎರಡು ಮಾತು ಅದರ ಬೆನ್ನಿಗೇ ಬರುತ್ತವೆ. ಟೊಸ್ಕಾನೀನಿಯ ಉತ್ತರಾಧಿಕಾರಿ ಎಂಬುದೊಂದು. ಮೂವತ್ತಾರನೆಯ ವಯಸ್ಸಿಗೇ ವಿಮಾನಾಪಘಾತದಲ್ಲಿ ತೀರಿಕೊಂಡವನು ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ಆತನ ಸಂಗೀತ ಮಾತ್ರ ಯಾರಿಗೂ ಸರಿಯಾಗಿ ಕೇಳಿಸದೆ ಹೋಗಿದೆ. ಒಬ್ಬರು ಅದರಲ್ಲಿ ಗುರುವಿನ ಪಡಿಯಚ್ಚನ್ನು ಹುಡುಕುತ್ತಾರೆ. ಇನ್ನೊಬ್ಬರು, ಆತ ಬದುಕಿದ್ದರೆ ಏನೇನು ಮಾಡುತ್ತಿದ್ದನೋ ಎಂದು ನಿಟ್ಟುಸಿರಿಡುತ್ತಾರೆ. ಆತ ಏನು ಮಾಡಿದ ಎಂದು ಕೇಳುವವರು ಕಡಿಮೆ. 1948ರಿಂದ 1956ರ ವರೆಗೆ, ಎಂಟೇ ವರ್ಷ; ಆ ಎಂಟು ವರ್ಷಗಳ ಧ್ವನಿಮುದ್ರಿಕೆಗಳು ನಮ್ಮ ಮುಂದಿವೆ. ಅವನ್ನು ಮುಂದಿಟ್ಟುಕೊಂಡು ಮಾತಾಡುವುದು ಕಾಂಟೆಲ್ಲಿಗೂ ನ್ಯಾಯ, ಕೇಳುಗರಿಗೂ ನ್ಯಾಯ.

ಕಂಡಕ್ಟರ್ ಎಂದೊಡನೆ ನಮಗೆ ಕಣ್ಣೆದುರು ನಿಲ್ಲುವವನು ಚರ್ಮದ ಚೀಲ ತಗಲಿಸಿಕೊಂಡು ಟಿಕೀಟು ಹರಿಯುವ ಮನುಷ್ಯ. ಪಾಶ್ಚಾತ್ಯ ವಾದ್ಯವೃಂದದ ಕಂಡಕ್ಟರನಿಗೆ ನಮ್ಮ ಸಂಗೀತದಲ್ಲಿ ಸರಿಸಾಟಿಯಾದ ಸ್ಥಾನವೇ ಇಲ್ಲ. ನಮ್ಮ ಕಛೇರಿಯಲ್ಲಿ ಹಾಡುವವನೇ ನಾಯಕ. ಪಿಟೀಲು, ಮೃದಂಗಗಳು ಅವನ ಮನೋಧರ್ಮವನ್ನು ಅನುಸರಿಸುತ್ತವೆ. ಅಲ್ಲಿಯ ನಾಯಕನಾದರೋ ಒಂದು ಸ್ವರವನ್ನೂ ತಾನಾಗಿ ನುಡಿಸುವುದಿಲ್ಲ. ಎಂಬತ್ತು ತೊಂಬತ್ತು ಜನ ನುಡಿಸುತ್ತಾರೆ, ಈತ ಒಂದು ಕೋಲು ಹಿಡಿದು ನಿಂತಿರುತ್ತಾನೆ. ಸ್ವರಗಳನ್ನೆಲ್ಲ ರಚನಕಾರ ಬರೆದಿಟ್ಟು ಹೋಗಿದ್ದಾನೆ. ಹಾಗಾದರೆ ಇವನ ಕೆಲಸವೇನು? ಎಷ್ಟು ಕಾಲದಲ್ಲಿ ನಡೆಯಬೇಕು, ಯಾವ ವಾದ್ಯ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು, ಒಂದು ಸಾಲು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಂಬುದನ್ನೆಲ್ಲ ಗೊತ್ತುಮಾಡುವವನು ಇವನು. ಗೊತ್ತುಮಾಡಿದರೆ ಸಾಲದು, ತನಗಿಂತ ಹಿರಿಯರಾದ, ಅದೇ ಕೃತಿಯನ್ನು ನೂರು ಸಲ ನುಡಿಸಿ ಬೇಸತ್ತ ವಾದಕರಿಂದ ಅದನ್ನು ಮಾಡಿಸಿಕೊಳ್ಳಬೇಕು. ಆದ್ದರಿಂದಲೇ ಇದು ಮುದುಕರ ಕಲೆ ಎಂಬ ನಂಬಿಕೆ ಬೆಳೆದುಬಂದಿದೆ. ತರುಣನೊಬ್ಬ ಈ ಪೀಠ ಹತ್ತಿದರೆ ಮೆಚ್ಚುಗೆಯ ಜೊತೆಗೆ ಅನುಮಾನವೂ ಹತ್ತುತ್ತದೆ.

ಕಾಂಟೆಲ್ಲಿ ಹುಟ್ಟಿದ್ದು 1920ರ ಏಪ್ರಿಲ್ 27ರಂದು, ಇಟಲಿಯ ಉತ್ತರದ ನೊವಾರಾ ಎಂಬ ಊರಿನಲ್ಲಿ. ತಂದೆ ಬ್ಯಾಂಡಿನ ನಾಯಕ. ಹುಡುಗನಿಗೆ ಅಕ್ಷರದೊಡನೆಯೇ ಸ್ವರವೂ ಬಂತು. ಮಿಲಾನಿನ ಸಂಗೀತಶಾಲೆಯಲ್ಲಿ ರಚನಕಾರ ಗೆಡೀನಿಯ ಬಳಿ ಕಲಿತ. 1943ರಲ್ಲಿ ನೊವಾರಾದ ಕೊಚ್ಚಾ ರಂಗಮಂದಿರದಲ್ಲಿ ವೆರ್ಡಿಯ ‘ಲಾ ತ್ರಾವಿಯಾತ’ವನ್ನು ನಡೆಸಿದ. 1888ರಲ್ಲಿ ಅದೇ ಮಂದಿರದ ಆರಂಭೋತ್ಸವಕ್ಕೆ ಕೋಲು ಹಿಡಿದಿದ್ದವನು ಟೊಸ್ಕಾನೀನಿ. ಚರಿತ್ರೆಗೆ ಇಂಥ ಸಣ್ಣ ಚೇಷ್ಟೆಗಳು ಇಷ್ಟ. ಇದರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ.

ಅಷ್ಟರಲ್ಲಿ ಯುದ್ಧ ಮನೆಯ ಬಾಗಿಲಿಗೇ ಬಂತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಕಾಂಟೆಲ್ಲಿ ಸೈನ್ಯದಲ್ಲಿದ್ದ. ಜರ್ಮನರ ಪಕ್ಷದಲ್ಲಿ ನಿಂತು ಹೋರಾಡಲು ಒಪ್ಪಲಿಲ್ಲ. ಬಾಲ್ಟಿಕ್ ಸಮುದ್ರದ ಕಡೆಯ ಸ್ಟೆಟಿನ್ನಿನ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಕಾಯಿಲೆ ಬಿದ್ದು, ಬೊಲ್ಝಾನೋದ ಆಸ್ಪತ್ರೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು, ಸುಳ್ಳು ಹೆಸರಿನ ಕಾಗದಪತ್ರ ಹಿಡಿದು ಊರು ಸೇರಿದ. 1945ರಲ್ಲಿ ಬಿಡುಗಡೆಯಾದ ಮಿಲಾನಿನಲ್ಲಿ ಲಾ ಸ್ಕಾಲಾದ ವಾದ್ಯವೃಂದವನ್ನು ನಡೆಸಲು ಬಂದ ತರುಣ ಇಷ್ಟೆಲ್ಲ ಕಂಡವನು. ಆತನ ಸಂಗೀತದಲ್ಲಿ ನಗು ಕಡಿಮೆ ಎಂದು ದೂರುವವರುಂಟು. ನಾನೂ ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. ಆದರೆ ಇಪ್ಪತ್ತಮೂರರಿಂದ ಇಪ್ಪತ್ತೈದರ ವರೆಗೆ ಆತ ಇದ್ದ ಜಾಗಗಳನ್ನು ನೆನೆದರೆ ದೂರು ಅರ್ಧ ಅಲ್ಲೇ ನಿಂತುಬಿಡುತ್ತದೆ.

1948ರ ಮೇ ತಿಂಗಳಲ್ಲಿ ಲಾ ಸ್ಕಾಲಾದಲ್ಲಿ ಆತನ ಕಛೇರಿಯನ್ನು ಎಂಬತ್ತೊಂದು ವರ್ಷದ ಟೊಸ್ಕಾನೀನಿ ಕೇಳಿದ. ಕೇಳಿ, ಅಮೆರಿಕಕ್ಕೆ ಕರೆದ. 1949ರ ಜನವರಿಯಲ್ಲಿ ನ್ಯೂಯಾರ್ಕಿನ ಎನ್.ಬಿ.ಸಿ. ವಾದ್ಯವೃಂದದ ಮುಂದೆ, ಅಂದರೆ ಟೊಸ್ಕಾನೀನಿಗಾಗಿಯೇ ಕಟ್ಟಿದ ವೃಂದದ ಮುಂದೆ, ಇಪ್ಪತ್ತೆಂಟು ವರ್ಷದ ಕಾಂಟೆಲ್ಲಿ ನಿಂತ. ತಾನು ನಡೆಸುವಂತೆಯೇ ನಡೆಸುವ ಹುಡುಗ ಎಂಬರ್ಥದ ಮಾತನ್ನು ಮುದುಕ ಆಡಿದನೆಂದು ಪ್ರತೀತಿ. ಇಷ್ಟು ಸುಲಭವಾಗಿ ಯಾರನ್ನೂ ಹೊಗಳದ ಮನುಷ್ಯ ಆಡಿದ ಮಾತಾದ್ದರಿಂದ ಅದು ಎಲ್ಲ ಪತ್ರಿಕೆಗಳಿಗೂ ಹಬ್ಬಿತು. ಆ ಮಾತಿನ ಭಾರವನ್ನು ಕಾಂಟೆಲ್ಲಿ ಕೊನೆಯ ವರೆಗೂ ಹೊತ್ತ.

ಇಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗಬೇಕು. ಕಾಂಟೆಲ್ಲಿಯ ಧ್ವನಿಮುದ್ರಿಕೆಗಳಲ್ಲಿ ಉತ್ತಮವಾದವು ಬಹುಪಾಲು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ, 1951ರಿಂದ ಈಚೆಗೆ ಆದವು. ಈ ವೃಂದವನ್ನು 1945ರಲ್ಲಿ ಕಟ್ಟಿದವನು ವಾಲ್ಟರ್ ಲೆಗ್. ಆ ಎಳೆಯ ವಯಸ್ಸಿನಲ್ಲಿ ಅದರ ಕೈಹಿಡಿದವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರು ಮುಖ್ಯರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಸಂಗೀತ ಸಂಘದ ಮೊದಲ ಅಧ್ಯಕ್ಷರಾದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಕೊಟ್ಟರು. ರಷ್ಯದ ಮೆಟ್ನರನ ಕೃತಿಗಳು ಧ್ವನಿಮುದ್ರಣಗೊಂಡದ್ದೂ ಅವರ ಹಣದಿಂದಲೇ. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರನ ನಾಯಕತ್ವದಲ್ಲಿ ನಡೆದಾಗ ಅದರ ಹಿಂದಿದ್ದ ಆಸರೆಯೂ ಮೈಸೂರಿನದು. ಒಂದು ಕಡೆ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸುತ್ತಿದ್ದ ಅರಸರೇ ಇನ್ನೊಂದು ಕಡೆ ಲಂಡನ್ನಿನ ವಾದ್ಯಗಾರರ ಸಂಬಳದ ಚಿಂತೆ ಮಾಡುತ್ತಿದ್ದರು ಎಂಬುದು ಅರಮನೆಯ ಬ್ಯಾಂಡನ್ನು ಕೇಳಿ ಬೆಳೆದ ಊರಿನವರಿಗೆ ಅಷ್ಟೇನೂ ವಿಚಿತ್ರವಾಗಿ ತೋರಲಾರದು. ಕಾಂಟೆಲ್ಲಿಗೆ ಅವರು ನೇರವಾಗಿ ಏನೋ ಉಪಕಾರ ಮಾಡಿದರೆಂದು ಹೇಳಿಕೊಂಡರೆ ಅದು ಅಭಿಮಾನದ ಅತಿರೇಕ. ಕಾಂಟೆಲ್ಲಿ ಬರುವ ಹೊತ್ತಿಗೆ ಆ ವೃಂದ ಉಳಿದಿತ್ತು, ಹದವಾಗಿತ್ತು. ಅದರಲ್ಲಿ ಮೈಸೂರಿನ ಪಾಲೂ ಇತ್ತು ಎನ್ನುವಷ್ಟು ಮಾತ್ರ ಸತ್ಯ.

ಇನ್ನು ಆ ‘ಪಡಿಯಚ್ಚಿನ’ ಪ್ರಶ್ನೆ. ಇದನ್ನು ಪರೀಕ್ಷಿಸಲು ಅದೃಷ್ಟವಶಾತ್ ಒಂದು ಒರೆಗಲ್ಲೇ ಇದೆ. 1952ರ ಶರತ್ಕಾಲದಲ್ಲಿ ಟೊಸ್ಕಾನೀನಿ ಲಂಡನ್ನಿಗೆ ಬಂದು ಇದೇ ಫಿಲ್‌ಹಾರ್ಮೋನಿಯಾದೊಡನೆ ಬ್ರಾಮ್ಸನ ನಾಲ್ಕು ಸಿಂಫನಿಗಳನ್ನೂ ನಡೆಸಿದ. ಆ ಕಛೇರಿಗಳ ಮುದ್ರಣ ಉಳಿದಿದೆ. ಕಾಂಟೆಲ್ಲಿ ಅದೇ ವೃಂದದೊಡನೆ 1953ರಲ್ಲಿ ಮೊದಲನೆಯ ಸಿಂಫನಿಯನ್ನೂ 1955ರಲ್ಲಿ ಮೂರನೆಯದನ್ನೂ ಮುದ್ರಿಸಿದ. ಗುರು ಶಿಷ್ಯರಿಬ್ಬರೂ, ಅದೇ ಕೃತಿ, ಅದೇ ವಾದಕರು. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಎಲ್ಲಿ ಸಿಕ್ಕೀತು?

ಮೂರನೆಯ ಸಿಂಫನಿಯ ಮೂರನೆಯ ಭಾಗವನ್ನು ತೆಗೆದುಕೊಳ್ಳಿ. ಮೊದಲು ಚೆಲ್ಲೋ ವಾದ್ಯಗಳು ಹಾಡುವ ಆ ಸಾಲು ಕೊನೆಗೆ ಒಂಟಿ ಕೊಂಬಿನ ಪಾಲಿಗೆ ಬರುತ್ತದೆ. ಟೊಸ್ಕಾನೀನಿಯ ಕೈಯಲ್ಲಿ ಅದು ಒಂದೇ ಬಿಗಿಯಲ್ಲಿ ಹರಿಯುತ್ತದೆ. ಹಿಂದಿನ ಮಿಡಿತ ಒಂದು ಕ್ಷಣವೂ ಸಡಿಲುವುದಿಲ್ಲ. ಮುದುಕನಿಗೆ ಕಾಯಲು ಹೊತ್ತಿಲ್ಲವೋ ಎಂಬಂತೆ ಇದೆ. ಕಾಂಟೆಲ್ಲಿ ಕಾಯುತ್ತಾನೆ. ಕಾಲಪ್ರಮಾಣ ಕೆಡದಂತೆ, ಸಾಲಿನ ತುದಿಯಲ್ಲಿ ಒಂದು ಕೂದಲೆಳೆಯಷ್ಟು ಉಸಿರಿಗೆ ಅವಕಾಶ ಕೊಡುತ್ತಾನೆ. ನಮ್ಮ ವಿಳಂಬಕಾಲದ ಕೃತಿಯಲ್ಲಿ ಒಳ್ಳೆಯ ಗಾಯಕ ಲಯವನ್ನು ಮುರಿಯದೆಯೇ ಪದವನ್ನು ತುಸು ಹಿಂದೆ ತಡೆದು ಇಡುವುದುಂಟಲ್ಲ, ಹೆಚ್ಚು ಕಡಿಮೆ ಹಾಗೆ. ಫಿಲ್‌ಹಾರ್ಮೋನಿಯಾದ ಮೊದಲ ಕೊಂಬುಗಾರ ಆಗ ಡೆನಿಸ್ ಬ್ರೇನ್; ಆ ಸಾಲು ಅವನಿಗೆ ಬಂದಾಗ ನಾಯಕ ಹಿಂದಕ್ಕೆ ಸರಿದು ನಿಂತದ್ದು ಕಿವಿಗೆ ತಿಳಿಯುತ್ತದೆ. ಹೀಗೆ ಹಿಂದಕ್ಕೆ ಸರಿಯುವ ವಿದ್ಯೆಯನ್ನು ಟೊಸ್ಕಾನೀನಿಯಿಂದ ಕಲಿಯುವುದಕ್ಕೆ ಸಾಧ್ಯವಿರಲಿಲ್ಲ. (ಬ್ರೇನ್ ಕೂಡ 1957ರ ಸೆಪ್ಟೆಂಬರಿನಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡ, ಅವನಿಗೂ ಮೂವತ್ತಾರೇ ವರ್ಷ.)

ಗುರುವಿನಿಂದ ಬಂದದ್ದು ಏನೂ ಇಲ್ಲವೆಂದಲ್ಲ. ಸ್ವರಲಿಪಿಯನ್ನು ಮುಂದಿಟ್ಟುಕೊಳ್ಳದೆ ನೆನಪಿನಿಂದಲೇ ನಡೆಸುವುದು, ಬರೆದಿಟ್ಟದ್ದಕ್ಕೆ ನಿಷ್ಠೆ, ಎಲ್ಲ ಸ್ವರಗಳೂ ಬೇರೆ ಬೇರೆಯಾಗಿ ಕೇಳಬೇಕೆಂಬ ಹಟ, ಇವು ಆ ಮನೆತನದ ಸೊತ್ತು. ತಾಲೀಮಿನಲ್ಲಿ ಸಿಟ್ಟಿಗೇಳುವುದೂ ಅಷ್ಟೇ. ಸಿಟ್ಟಿನಲ್ಲಿ ಮಾತ್ರ ಒಂದು ವ್ಯತ್ಯಾಸ: ಟೊಸ್ಕಾನೀನಿಯ ಸಿಟ್ಟು ವಾದಕರ ಮೇಲೆ, ಕಾಂಟೆಲ್ಲಿಯದು ಹೆಚ್ಚಾಗಿ ತನ್ನ ಮೇಲೆಯೇ ಎಂದು ಮುದ್ರಿಕೆಗಳನ್ನು ಕೇಳಿದಾಗ ನನಗನ್ನಿಸುತ್ತದೆ. 1956ರಲ್ಲಿ ಮುದ್ರಿಸಿದ ಬೇಥೋವನನ ಏಳನೆಯ ಸಿಂಫನಿಯ ಕೊನೆಯ ಭಾಗವನ್ನು ಕೇಳಿ. ಎಲ್ಲವೂ ಸರಿಯಾಗಿದೆ, ಕುಂದು ಹುಡುಕಿದರೂ ಸಿಗದು. ಆದರೂ ಕುಣಿಯಬೇಕಾದ ಸಂಗೀತ ಕುಣಿಯುವುದಿಲ್ಲ, ಓಡುತ್ತದೆ. ತಪ್ಪಾದೀತೆಂಬ ಭಯ ಸಂತೋಷವನ್ನು ಹತ್ತಿರ ಬರಗೊಟ್ಟಿಲ್ಲ. 1950ರಲ್ಲಿ ಲಾ ಸ್ಕಾಲಾ ವೃಂದದೊಡನೆ ಮಾಡಿದ ಚೈಕೋವ್ಸ್ಕಿಯ ಐದನೆಯ ಸಿಂಫನಿಯಲ್ಲಿ ಇದಕ್ಕಿಂತ ಒರಟುತನವಿದೆ, ಆದರೆ ಬಿಸಿ ಹೆಚ್ಚು.

ಆತನ ಸ್ವಂತದ ದನಿ ಪೂರ್ತಿಯಾಗಿ ಕೇಳುವುದು ಫ್ರೆಂಚ್ ಸಂಗೀತದಲ್ಲಿ. ಡೆಬ್ಯುಸಿಯ ‘ಸಮುದ್ರ’, ‘ನಿಶಾಗೀತಗಳು’, ‘ಸಂತ ಸೆಬಾಸ್ಟಿಯನ್’ನ ತುಣುಕುಗಳು, ಮಧ್ಯಾಹ್ನದ ವನದೇವತೆಯ ಪೂರ್ವರಂಗ, ರವೆಲ್‌ನ ‘ಪವಾನ್’, ಇವೆಲ್ಲ ಫಿಲ್‌ಹಾರ್ಮೋನಿಯಾದೊಡನೆ ಆದವು. ಡೆಬ್ಯುಸಿಯೆಂದರೆ ಮಂಜು, ಮಸುಕು, ಕನಸು ಎಂದು ನಂಬಿದವರಿಗೆ ಈ ಮುದ್ರಿಕೆಗಳು ಮೊದಲು ನಿರಾಶೆ ತಂದಾವು. ಇಲ್ಲಿ ಮಂಜಿಲ್ಲ. ಮಳೆ ನಿಂತ ಮೇಲಿನ ಬೆಳಕಿನಲ್ಲಿ ದೂರದ ಬೆಟ್ಟದ ಮರಗಳು ಒಂದೊಂದಾಗಿ ಕಾಣುವಂತೆ ಪ್ರತಿಯೊಂದು ವಾದ್ಯವೂ ಬೇರೆಯಾಗಿ ಕಾಣುತ್ತದೆ; ಆದರೂ ಚಿತ್ರ ಒಡೆಯುವುದಿಲ್ಲ. ‘ನಿಶಾಗೀತಗಳ’ ಮೊದಲನೆಯದು ಮೋಡಗಳನ್ನು ಕುರಿತದ್ದು. ಅದರಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದ ಸಂಗೀತವನ್ನು ಕೇಳುಗನ ಗಮನ ಚೆದರದಂತೆ ನಡೆಸುವುದು ಗದ್ದಲದ ಸಂಗೀತವನ್ನು ನಡೆಸುವುದಕ್ಕಿಂತ ಹತ್ತು ಪಾಲು ಕಷ್ಟ. ಈ ತಾಳ್ಮೆ ಆ ತರುಣನಿಗೆ ಎಲ್ಲಿಂದ ಬಂತೋ!

ಅಮೆರಿಕದಲ್ಲಿ ಮಾಡಿದ್ದರಲ್ಲಿ ಸೀಸರ್ ಫ್ರಾಂಕನ ಸಿಂಫನಿಯೊಂದನ್ನು ಹೆಸರಿಸಿದರೆ ಸಾಕು. 1954ರ ಏಪ್ರಿಲ್ 4ರಂದು ಕಾರ್ನೆಗಿ ಹಾಲಿನಲ್ಲಿ ಟೊಸ್ಕಾನೀನಿ ತನ್ನ ಕೊನೆಯ ಕಛೇರಿ ನಡೆಸಿ ಕೋಲು ಕೆಳಗಿಟ್ಟ. ಎರಡು ದಿನಗಳ ಮೇಲೆ, ಅದೇ ಹಾಲಿನಲ್ಲಿ, ಯಜಮಾನನನ್ನು ಕಳೆದುಕೊಂಡ ಅದೇ ವೃಂದದೊಡನೆ ಕಾಂಟೆಲ್ಲಿ ಈ ಸಿಂಫನಿಯನ್ನು ಮುದ್ರಿಸಿದ. ಆಗಿನ್ನೂ ಹೊಸದಾಗಿದ್ದ ಸ್ಟೀರಿಯೋ ವಿಧಾನದಲ್ಲಿ ಹಿಡಿದಿಟ್ಟದ್ದರಿಂದ ಇಂದಿಗೂ ಕೇಳಲು ಸೊಗಸು. ಆ ವೃಂದಕ್ಕೆ ಮುಂದೇನು ಗತಿ ಎಂಬುದು ವಾದಕರಿಗೆ ತಿಳಿಯದಿದ್ದ ದಿನಗಳವು. ಅದನ್ನು ತಿಳಿದು ಕೇಳುವುದರಿಂದಲೇ ಆ ನಡುಭಾಗ ಅಷ್ಟು ಮನಸ್ಸಿಗೆ ನಾಟುತ್ತದೆಯೋ, ಅಥವಾ ಸಂಗೀತವೇ ಹಾಗಿದೆಯೋ, ಹೇಳುವುದು ಕಷ್ಟ.

ಆಪೆರಾ ಅಥವಾ ಗೀತನಾಟಕದ ಮಾತಿಗೆ ಬಂದರೆ ಕಾಂಟೆಲ್ಲಿಯ ಖಾತೆ ತೀರ ಚಿಕ್ಕದು. ನೊವಾರಾದ ಆ ‘ತ್ರಾವಿಯಾತ’ವನ್ನು ಬಿಟ್ಟರೆ ಹೇಳಿಕೊಳ್ಳುವಂಥದು ಒಂದೇ: 1956ರ ಜನವರಿಯಲ್ಲಿ, ಮೋಟ್ಸಾರ್ಟ್ ಹುಟ್ಟಿ ಇನ್ನೂರು ವರ್ಷ ತುಂಬಿದ ತಿಂಗಳಲ್ಲಿ, ಲಾ ಸ್ಕಾಲಾದ ಪಕ್ಕದಲ್ಲೇ ಹೊಸದಾಗಿ ತೆರೆದ ಚಿಕ್ಕ ರಂಗಮಂದಿರ ಪಿಕ್ಕೊಲಾ ಸ್ಕಾಲಾದಲ್ಲಿ ನಡೆಸಿದ ‘ಕೊಸೀ ಫಾನ್ ತುತ್ತೆ’. ಸಂಗೀತದ ಜೊತೆಗೆ ರಂಗನಿರ್ದೇಶನವನ್ನೂ ಆತನೇ ಮಾಡಿದ. ಇಬ್ಬರು ಸಿಪಾಯಿಗಳು ಪಂದ್ಯ ಕಟ್ಟಿ, ವೇಷ ಮರೆಸಿಕೊಂಡು ಬಂದು, ಒಬ್ಬನು ಇನ್ನೊಬ್ಬನ ಪ್ರೇಯಸಿಯನ್ನು ಒಲಿಸಿಕೊಳ್ಳುವ ಕಥೆ. ಕಥೆ ಪ್ರಹಸನದ್ದು, ಸಂಗೀತ ಅದನ್ನು ನಂಬುವುದಿಲ್ಲ. ನಗಬೇಕೋ ಮರುಗಬೇಕೋ ತಿಳಿಯದಂತೆ ಮಾಡುವುದೇ ಮೋಟ್ಸಾರ್ಟನ ಜಾಣತನ. ಎರಡು ಕಡೆಗೂ ವಾಲದೆ ಈ ಹಗ್ಗದ ಮೇಲೆ ನಡೆಯುವವರು ವಿರಳ.

ಇಲ್ಲಿಯೂ ಒಂದು ಹೋಲಿಕೆ ಲಭ್ಯವಿದೆ. 1954ರಲ್ಲಿ ಕಾರಾಯಾನ್ ಇದೇ ಆಪೆರಾವನ್ನು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾದೊಡನೆ ಮುದ್ರಿಸಿದ. ಅಲ್ಲಿ ಹಾಡಿದ ಶ್ವಾರ್ಟ್ಸ್‌ಕಾಫ್, ನ್ಯಾನ್ ಮೆರಿಮನ್, ಪಾನೆರಾಯ್ ಈ ಮೂವರೂ ಮಿಲಾನಿನಲ್ಲಿ ಕಾಂಟೆಲ್ಲಿಯ ಕೈಕೆಳಗೂ ಹಾಡಿದರು. ಕಾರಾಯಾನನದು ರೇಶ್ಮೆಯ ಕೆಲಸ. ಎಲ್ಲಿಯೂ ಒಂದು ಗಂಟು ಕಾಣದು. ಮಿಲಾನಿನ ಮುದ್ರಣ ರಂಗಸ್ಥಳದಿಂದ ನೇರವಾಗಿ ಹಿಡಿದದ್ದು. ಹೆಜ್ಜೆಯ ಸದ್ದುಂಟು, ಕೆಮ್ಮುಂಟು, ಅಲ್ಲಲ್ಲಿ ಗಾಯಕರು ವೃಂದಕ್ಕಿಂತ ಅರೆಗಳಿಗೆ ಮುಂದೆ ಹೋಗುವುದೂ ಉಂಟು. ಆದರೆ ಎರಡನೆಯ ಅಂಕದಲ್ಲಿ ಫಿಯೋರ್ದಿಲೀಜಿ ತನ್ನ ಮನಸ್ಸು ಜಾರುತ್ತಿರುವುದನ್ನು ಕಂಡು ತಾನೇ ಕ್ಷಮೆ ಬೇಡುವ ಆ ದೀರ್ಘ ಗೀತೆಯಲ್ಲಿ, ಲಂಡನ್ನಿನಲ್ಲಿ ಸುಂದರವಾಗಿ ಹಾಡಿದ ಅದೇ ಶ್ವಾರ್ಟ್ಸ್‌ಕಾಫ್ ಇಲ್ಲಿ ಹೆದರಿದ ಹೆಂಗಸಾಗಿ ಹಾಡುತ್ತಾಳೆ. ಕೆಳಗೆ ಕೊಂಬುಗಳು ಅವಳ ಮಾತಿಗೆ ಒಪ್ಪುತ್ತಿವೆಯೋ ಅಣಕಿಸುತ್ತಿವೆಯೋ ತಿಳಿಯದಂತೆ ನುಡಿಯುತ್ತವೆ. ಗಾಯಕಿಯ ಉಸಿರು ತಿಳಿದು ವೃಂದವನ್ನು ತಡೆದು ಹಿಡಿಯುವ ಈ ಗುಣ ಗೀತನಾಟಕದ ನಾಯಕನಿಗೆ ಮೊದಲು ಬೇಕಾದದ್ದು. ಕಾಂಟೆಲ್ಲಿಗೆ ಅದು ಇತ್ತು ಎಂಬುದಕ್ಕೆ ಈ ಒಂದು ಗೀತೆಯೇ ಸಾಕ್ಷಿ. ಇಡೀ ಆಪೆರಾದ ಮಟ್ಟಿಗೆ ನನ್ನ ಮತ ಮಿಲಾನಿನ ಕಡೆಗೆ. ಕಾರಾಯಾನ್‌ಭಕ್ತರು ಸಿಟ್ಟಾದರೆ ಆಗಲಿ.

ಹಾಗಿದ್ದರೂ ಒಂದು ಪ್ರಶ್ನೆಯನ್ನು ಎತ್ತದೆ ಇರಲಾಗದು. 1956ರ ನವೆಂಬರ್ 16ರಂದು ಲಾ ಸ್ಕಾಲಾ ಕಾಂಟೆಲ್ಲಿಯನ್ನು ತನ್ನ ಸಂಗೀತ ನಿರ್ದೇಶಕನನ್ನಾಗಿ ನೇಮಿಸಿತು. ಇಟಲಿಯ ಆಪೆರಾ ಪ್ರಪಂಚದಲ್ಲಿ ಇದಕ್ಕಿಂತ ಎತ್ತರದ ಪೀಠವಿಲ್ಲ. ವೆರ್ಡಿಯ ಮನೆಯಂತಿರುವ ಆ ಮಂದಿರದಲ್ಲಿ ವೆರ್ಡಿಯ ಒಂದು ಆಪೆರಾವನ್ನೂ ನಡೆಸದವನನ್ನು ಅದರ ಸಂಗೀತಕ್ಕೆಲ್ಲ ಯಜಮಾನನನ್ನಾಗಿ ಮಾಡಿದ್ದು ಸರಿಯೆ? ದೆ ಸಾಬಾತ ಹೃದ್ರೋಗದಿಂದ ಹಿಂದೆ ಸರಿದಿದ್ದ, ಜೂಲಿನಿ ಬಿಟ್ಟುಹೋಗಿದ್ದ. ಜಾಗ ಖಾಲಿ, ಹೆಸರು ದೊಡ್ಡದು, ಹಿರಿಯನ ಆಶೀರ್ವಾದ ಬೇರೆ. ಆಡಳಿತದವರಿಗೆ ಇಷ್ಟು ಸಾಕಾಯಿತು. ಕಾಂಟೆಲ್ಲಿ ಆ ಪೀಠದಲ್ಲಿ ಗೆಲ್ಲುತ್ತಿದ್ದನೆಂದು ಬರೆಯುವುದು ಸುಲಭ, ಅನೇಕರು ಬರೆದೂ ಇದ್ದಾರೆ. ಆದರೆ ಆಪೆರಾ ಮಂದಿರ ನಡೆಸುವುದೆಂದರೆ ಗಾಯಕಿಯರ ಮುನಿಸು, ಕೆಲಸಗಾರರ ಮುಷ್ಕರ, ಗ್ಯಾಲರಿಯ ಕೂಗು, ಎಲ್ಲವನ್ನೂ ಸಹಿಸುವುದು. ಒಂದು ತಪ್ಪು ಸ್ವರಕ್ಕೆ ರಾತ್ರಿ ನಿದ್ದೆಗೆಡುವ ಸ್ವಭಾವದವನಿಗೆ ಅದು ಒಗ್ಗುತ್ತಿತ್ತೆ? ನನಗೆ ಅನುಮಾನ. ಒಂದು ‘ಕೊಸೀ’ಯ ಬಲದ ಮೇಲೆ ಮುಂದಿನ ಮೂವತ್ತು ವರ್ಷದ ಜಾತಕ ಬರೆಯುವುದು ವಿಮರ್ಶೆಯಲ್ಲ.

ನವೆಂಬರ್ 17ರಂದು ಹುಟ್ಟೂರಿನ ಕೊಚ್ಚಾ ಮಂದಿರದಲ್ಲಿ ಲಾ ಸ್ಕಾಲಾ ವೃಂದದ ಕಛೇರಿ ನಡೆಸಿದ, ಅದೇ ಕೊನೆಯದಾಯಿತು. 24ರಂದು ನ್ಯೂಯಾರ್ಕಿಗೆ ಹೊರಟ ವಿಮಾನ ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಕೆಳಗೆ ಬಿತ್ತು. ನೇಮಕವಾಗಿ ಎಂಟು ದಿನ. ನ್ಯೂಯಾರ್ಕಿನಲ್ಲಿದ್ದ ಟೊಸ್ಕಾನೀನಿಗೆ ಮನೆಯವರು ಸುದ್ದಿಯನ್ನು ತಿಳಿಸಲಿಲ್ಲ. 1957ರ ಜನವರಿ 16ರಂದು, ಏನೂ ತಿಳಿಯದೆಯೇ, ಆತನೂ ತೀರಿಕೊಂಡ.

ನೊವಾರಾದವರು 1961ರಲ್ಲಿ ತರುಣ ವೃಂದನಾಯಕರಿಗಾಗಿ ಕಾಂಟೆಲ್ಲಿಯ ಹೆಸರಿನಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದರು. 1967ರಲ್ಲಿ ಅದನ್ನು ಗೆದ್ದವನು ರಿಕ್ಕಾರ್ಡೊ ಮೂತಿ. 1986ರಿಂದ 2005ರ ವರೆಗೆ ಲಾ ಸ್ಕಾಲಾದ ಸಂಗೀತ ನಿರ್ದೇಶಕನಾಗಿದ್ದವನು ಈ ಮೂತಿಯೇ. 2010ರಿಂದ 2023ರ ವರೆಗೆ ಶಿಕಾಗೋ ವೃಂದದಲ್ಲಿದ್ದ. ಆ ಜಾಗಕ್ಕೆ 2027ರ ಋತುವಿನಿಂದ ಫಿನ್ಲೆಂಡಿನ ಕ್ಲೌಸ್ ಮ್ಯಾಕೆಲ ಬರುವನೆಂದು 2024ರಲ್ಲಿ ಪ್ರಕಟವಾದಾಗ ಅವನಿಗೆ ಇಪ್ಪತ್ತೆಂಟು ವರ್ಷ, ಕಾಂಟೆಲ್ಲಿ ಮೊದಲ ಬಾರಿ ನ್ಯೂಯಾರ್ಕಿನಲ್ಲಿ ನಿಂತಾಗಿನ ವಯಸ್ಸೇ. ಇಷ್ಟು ಚಿಕ್ಕವನಿಗೆ ಇಷ್ಟು ದೊಡ್ಡ ವೃಂದವೇ ಎಂಬ ಗುಸುಗುಸು ಆಗಲೂ ಎದ್ದಿತು. ಇದರ ಜೊತೆಗೆ ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಗೆಬೌ ವೃಂದವೂ ಅವನಿಗೇ ಎಂದು 2022ರಲ್ಲೇ ನಿಶ್ಚಯವಾಗಿತ್ತು. ವಯಸ್ಸಿನ ಆಕ್ಷೇಪಣೆಗಿಂತ ಇನ್ನೊಂದು ಹೆಚ್ಚು ಕಾಡಬೇಕಾದದ್ದು: ಕಾಂಟೆಲ್ಲಿ ಎಂಟು ವರ್ಷಗಳಲ್ಲಿ ಅದೇ ಕೆಲವು ಕೃತಿಗಳಿಗೆ ಮತ್ತೆ ಮತ್ತೆ ಮರಳಿದ, ಮುದ್ರಣಕ್ಕೆ ಒಪ್ಪುವ ಮುಂಚೆ ಮತ್ತೆ ಮತ್ತೆ ನುಡಿಸಿದ. ಎರಡು ಖಂಡಗಳ ನಡುವೆ ಹಾರಾಡುವ ತರುಣನಿಗೆ ಆ ಬಿಡುವು ದೊರೆಯುತ್ತದೆಯೆ ಎಂಬುದು ಕೇಳತಕ್ಕ ಪ್ರಶ್ನೆ.

ಹೊಸದಾಗಿ ಕೇಳುವವರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಡೆಬ್ಯುಸಿಯಿಂದ ಎನ್ನುತ್ತೇನೆ. ಅದಾದ ಮೇಲೆ ಬ್ರಾಮ್ಸನ ಮೂರನೆಯದು. ‘ಕೊಸೀ’ಯನ್ನು ಒಂದು ರಜೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೇಥೋವನನ ಐದನೆಯ ಸಿಂಫನಿಯೂ ಒಂದುಂಟು, ಆದರೆ ಅದನ್ನು ಹಾಕಿದೊಡನೆ ಮುದ್ರಿಕೆ ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಬೇಡಿ. 1956ರ ಬೇಸಗೆಯಲ್ಲಿ ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ಅದನ್ನು ಮುದ್ರಿಸುತ್ತಿದ್ದಾಗ ಹೊರಗಿನ ಗದ್ದಲದಿಂದಾಗಿ ಮೊದಲ ಭಾಗ ಆಗಲಿಲ್ಲ. ಮುಂದೆ ಬಂದಾಗ ಮಾಡಿದರಾಯಿತೆಂದು ಬಿಟ್ಟರು. ಲೋಕಕ್ಕೆಲ್ಲ ಗೊತ್ತಿರುವ ಆ ನಾಲ್ಕು ಸ್ವರಗಳ ಬಡಿತವಿಲ್ಲದೆ, ಎರಡನೆಯ ಭಾಗದ ಚೆಲ್ಲೋಗಳಿಂದ ಅದು ಮೆಲ್ಲನೆ ಆರಂಭವಾಗುತ್ತದೆ.